ಸೋಮವಾರದ ದಮ್ಮು

ಹದಡಿಯ ನಮ್ಮ ಮನೆಯ ಅಟ್ಟದ ಮೇಲೆ ಕಬ್ಬಿಣದ ಒಂದು ಟ್ರಂಕಿದೆ. ಅದರಲ್ಲಿ ಹಳೆಯ ಪಹಣಿಗಳು, ಸೊಸೈಟಿ ಸಾಲದ ರಸೀದಿಗಳು, ಯಾರ್ಯಾರದೋ ಮದುವೆ ಪತ್ರಿಕೆಗಳು ಇವೆ. ಎಲ್ಲದರ ಕೆಳಗೆ ಸುತಳಿಯಿಂದ ಕಟ್ಟಿದ ಅಜ್ಜನ ಆಸ್ಪತ್ರೆ ಚೀಟಿಗಳ ಕಟ್ಟು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜನನ್ನು ಗೋಡೆಯ ಮೇಲಿನ ಫೋಟೋದಲ್ಲಿ ಬಿಟ್ಟರೆ ನಾನು ಕಂಡದ್ದು ಈ ಚೀಟಿಗಳಲ್ಲಿ ಮಾತ್ರ. ಒಟ್ಟು ಹನ್ನೊಂದು ಚೀಟಿಗಳು. ಒಂಬತ್ತರಲ್ಲಿ ‘ಬ್ರಾಂಕೈಟಿಸ್’ ಎಂದಿದೆ. ಒಂದರಲ್ಲಿ ‘ಆಸ್ತಮಾ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಇನ್ನೊಂದು ಕಫ ಪರೀಕ್ಷೆಯ ಚೀಟಿ. ಟಿಬಿ ಇಲ್ಲ ಎಂದು ಅದು ಹೇಳುತ್ತದೆ.

ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವಳಿಗೆ ಕಾಗದ ಕಂಡರೆ ಸುಮ್ಮನಿರಲಾಗುವುದಿಲ್ಲ. ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಅಜ್ಜಿಯ ಪಕ್ಕ ಕುಳಿತೆ. ಅಜ್ಜಿಗೆ ಓದಲು ಬರುವುದಿಲ್ಲ. ಆದರೆ ಚೀಟಿಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ಅವಳು ಅಡಕೆ ಕತ್ತರಿಸುತ್ತಾ ಹೇಳಿಬಿಟ್ಟಳು.

“ಸೋಮಾರ ಬಂತಂದ್ರೆ ನಿಮ್ಮಜ್ಜಗೆ ಎದೆ ಕಟ್ಟಾದು ಯವ್ವಾ. ಬುಧವಾರ ಅನ್ನಾದ್ರಾಗೆ ಹಗೂರಾಗಾದು. ಐತಾರ ಮನ್ಯಾಗಿದ್ರೆ ಏನೂ ಇಲ್ಲ. ಮತ್ತೆ ಸೋಮಾರ ಮಿಲ್ಲಿಗೆ ಹೋದ ಅಂದ್ರೆ ಶುರು. ನಾವು ಅದಕ್ಕೆ ಸೋಮಾರದ ದಮ್ಮು ಅಂತಿದ್ವಿ.”

ಈ ಮಾತು ಕೇಳಿ ನಾನು ಬರೆಯುವುದನ್ನು ನಿಲ್ಲಿಸಿದೆ. ಏಕೆಂದರೆ ಅಜ್ಜಿ ಹೇಳಿದ್ದನ್ನೇ ಏಳು ದಶಕಗಳ ಹಿಂದೆ ಇಂಗ್ಲೆಂಡಿನ ಒಬ್ಬ ವೈದ್ಯ ನೂಲಿನ ಗಿರಣಿಗಳಿಗೆ ಹೋಗಿ, ಒಬ್ಬೊಬ್ಬ ಕಾರ್ಮಿಕನನ್ನೂ ಕೇಳಿ ಬರೆದುಕೊಂಡಿದ್ದ. ಅದನ್ನು ಆಧರಿಸಿ ಒಂದು ಕಾಯಿಲೆಯ ಹಂತಗಳನ್ನೇ ಗುರುತಿಸಿದ್ದ.

ಅದಕ್ಕೂ ಮೊದಲು ನಮ್ಮ ಊರಿನ ಸಂಗತಿ ಹೇಳಬೇಕು. ಹದಡಿ ದಾವಣಗೆರೆಯಿಂದ ಸುಮಾರು ಹತ್ತು–ಹನ್ನೆರಡು ಕಿಲೋಮೀಟರ್. ನಗರದಲ್ಲಿ ‘ಹದಡಿ ರಸ್ತೆ’ ಎಂದರೆ ಗೊತ್ತಿಲ್ಲದವರಿಲ್ಲ; ಆ ರಸ್ತೆ ಹಿಡಿದು ನಮ್ಮೂರಿನ ತನಕ ಬಂದವರು ಮಾತ್ರ ಕಡಿಮೆ. ಭದ್ರಾ ನಾಲೆ ಬಂದ ಮೇಲೆ ಇಲ್ಲಿ ಭತ್ತ, ಈಗೀಗ ಅಡಿಕೆ. ಆದರೆ ದಾವಣಗೆರೆ ಬೆಳೆದದ್ದು ಹತ್ತಿಯಿಂದ. ಸುತ್ತಲ ಎರೆ ಸೀಮೆಯ ಹತ್ತಿ ಇಲ್ಲಿನ ಪೇಟೆಗೆ ಬರುತ್ತಿತ್ತು. 1930ರ ದಶಕದಿಂದ ಒಂದರ ಹಿಂದೆ ಒಂದು ಕಾಟನ್ ಮಿಲ್‌ಗಳು ಎದ್ದವು. ಪಕ್ಕದ ಹರಿಹರದಲ್ಲಿ 1940ರ ದಶಕದ ಆರಂಭಕ್ಕೆ ಕಿರ್ಲೋಸ್ಕರ್ ಕಾರ್ಖಾನೆ ಬಂತು. ನಮ್ಮೂರಿಗೆ ಹತ್ತಿರದ ತೋಳಹುಣಸೆಯಲ್ಲೂ ಯಲ್ಲಮ್ಮ ಕಾಟನ್, ವುಲನ್ ಅಂಡ್ ಸಿಲ್ಕ್ ಮಿಲ್ಸ್ ಇತ್ತು. ನಷ್ಟದಲ್ಲಿದ್ದ ಬಟ್ಟೆ ಗಿರಣಿಗಳನ್ನು ಕೇಂದ್ರ ಸರ್ಕಾರ ವಹಿಸಿಕೊಂಡ 1974ರ ಕಾಯ್ದೆಯ ಪಟ್ಟಿಯಲ್ಲಿ ಅದರ ಹೆಸರಿದೆ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ದಾವಣಗೆರೆಗೆ ಹೀಗೆ ಬಂತು. ಶಾಲೆಯಲ್ಲಿ ಈ ಬಿರುದನ್ನು ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಿದ್ದೆವು. ಮ್ಯಾಂಚೆಸ್ಟರಿನ ಕೆಮ್ಮು ಕೂಡ ಅದರ ಜೊತೆಗೇ ಬಂದಿತ್ತು ಎಂದು ನನಗೆ ತಿಳಿದದ್ದು ಈಗ.

ಅಜ್ಜ 1960ರ ದಶಕದ ಆರಂಭದಲ್ಲಿ ದಾವಣಗೆರೆಯ ಒಂದು ಮಿಲ್ಲಿಗೆ ಸೇರಿದರು. ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಕೆಲಸ ಬ್ಲೋರೂಮಿನಲ್ಲಿ. ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಬಿಚ್ಚಿ, ಹಿಂಜಿ, ಕಸ ಬೇರ್ಪಡಿಸುವ ಕೋಣೆ ಅದು. ಅಲ್ಲಿಂದ ಹತ್ತಿ ಕಾರ್ಡಿಂಗ್‌ಗೆ ಹೋಗುತ್ತದೆ. ಮುಳ್ಳಿನ ಉರುಳೆಗಳು ಎಳೆಗಳನ್ನು ಬಾಚಿ ನೇರ ಮಾಡುತ್ತವೆ. ನೂಲುವ ಯಂತ್ರ ಆಮೇಲಿನದು. ಇಡೀ ಗಿರಣಿಯಲ್ಲಿ ಧೂಳು ಹೆಚ್ಚು ಇರುವುದು ಈ ಮೊದಲ ಎರಡು ಕಡೆ. ಮಿಲ್ಲಿನಿಂದ ಬಂದ ಅಜ್ಜನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಿರುತ್ತಿದ್ದವಂತೆ. “ಮೂವತ್ತು ವರ್ಷದ ಗಂಡ ದಿನಾ ಸಂಜಿಗೆ ಮುದುಕ ಆಗಿ ಬರತಿದ್ದ” ಎಂದು ಅಜ್ಜಿ ನಗುತ್ತಾಳೆ. 1984ರಲ್ಲಿ ಸೈಕಲ್ ತುಳಿಯುವ ಶಕ್ತಿಯಿಲ್ಲದೆ ಅಜ್ಜ ಕೆಲಸ ಬಿಟ್ಟರು.

ವೈದ್ಯರು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ‘ನೀನು ಏನು ಕೆಲಸ ಮಾಡುತ್ತೀಯ’ ಎಂಬುದನ್ನು ಸೇರಿಸಿದವನು ಇಟಲಿಯ ಬರ್ನಾರ್ಡಿನೋ ರಮಾಜಿನಿ. 1700ರಲ್ಲಿ ಮೊದೆನಾ ನಗರದಲ್ಲಿ ಅವನ ಪುಸ್ತಕ ಬಂತು. ಕುಂಬಾರರು, ಗಣಿಯವರು, ಅಗಸರು, ಮಲದ ಗುಂಡಿ ಬಳಿಯುವವರು ಹೀಗೆ ಹತ್ತಾರು ಕಸುಬಿನವರ ಕಾಯಿಲೆಗಳನ್ನು ಅವನು ಬರೆದ. ಅಗಸೆ ಮತ್ತು ಸೆಣಬಿನ ನಾರು ಬಾಚುವವರು ಬಿಡದೆ ಕೆಮ್ಮುವುದನ್ನೂ ಕ್ರಮೇಣ ಉಬ್ಬಸಕ್ಕೆ ತುತ್ತಾಗುವುದನ್ನೂ ದಾಖಲಿಸಿದ. ಅವನು ಕೇಳಲು ಹೇಳಿದ್ದು ಬಹಳ ಸಣ್ಣ ಪ್ರಶ್ನೆ. ಆದರೂ ಅಜ್ಜನ ಹನ್ನೊಂದು ಚೀಟಿಗಳಲ್ಲಿ ಹೆಸರಿದೆ, ವಯಸ್ಸಿದೆ, ಊರಿದೆ. ಕೆಲಸ ಏನೆಂದು ಒಂದರಲ್ಲೂ ಇಲ್ಲ.

ಅಸಲಿ ಮ್ಯಾಂಚೆಸ್ಟರಿನಲ್ಲಿ ಜೇಮ್ಸ್ ಫಿಲಿಪ್ಸ್ ಕೇ ಎಂಬ ವೈದ್ಯ 1831ರಲ್ಲಿ ಹತ್ತಿ ನೂಲುವವರ ಎದೆರೋಗದ ಬಗ್ಗೆ ಬರೆದ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಎಲಿಜಬೆತ್ ಗ್ಯಾಸ್ಕೆಲ್ ಅವರ ‘ನಾರ್ತ್ ಅಂಡ್ ಸೌತ್’ ಕಾದಂಬರಿಯ ಬೆಸ್ಸಿ ಹಿಗಿನ್ಸ್ ನೆನಪಿರಬಹುದು. ಕಾರ್ಡಿಂಗ್ ಕೋಣೆಯಲ್ಲಿ ದುಡಿದು, ಹತ್ತಿಯ ಧೂಳು ಎದೆಗೆ ಹೋಗಿ ಸಾಯುವ ಹುಡುಗಿ ಅವಳು. ಧೂಳನ್ನು ಹೊರಗೆಳೆಯುವ ಚಕ್ರವೊಂದಿದೆ, ಅದಕ್ಕೆ ಹಣ ಹಾಕಿದರೆ ಲಾಭವಿಲ್ಲವೆಂದು ಎಷ್ಟೋ ಮಾಲೀಕರು ಹಾಕಿಸುವುದಿಲ್ಲ ಎಂದು ಅವಳು ಗೆಳತಿಗೆ ವಿವರಿಸುತ್ತಾಳೆ. ಕಾದಂಬರಿ ಬಂದದ್ದು 1850ರ ದಶಕದ ಮಧ್ಯದಲ್ಲಿ. ಆಗಿನ್ನೂ ಈ ಕಾಯಿಲೆಗೆ ಇಂದಿನ ಹೆಸರಿರಲಿಲ್ಲ. ಆ ಹೆಸರು, ‘ಬಿಸ್ಸಿನೋಸಿಸ್’, 1877ರಲ್ಲಿ ಫ್ರಾನ್ಸಿನ ವೈದ್ಯ ಏಡ್ರಿಯನ್ ಪ್ರೂಸ್ತ್ ಬಳಸಿದ್ದು. ಗ್ರೀಕಿನಲ್ಲಿ ‘ಬಿಸ್ಸೋಸ್’ ಎಂದರೆ ನಯವಾದ ನಾರುಬಟ್ಟೆ. ಈ ವೈದ್ಯನ ಮಗನೇ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್. ಒಂಬತ್ತನೇ ವಯಸ್ಸಿನಿಂದ ಸಾಯುವ ತನಕ ಉಬ್ಬಸದಿಂದ ನರಳಿದವನು. ಕಾರ್ಮಿಕರ ಉಸಿರಿನ ಕಾಯಿಲೆಗೆ ಹೆಸರಿಟ್ಟ ಅಪ್ಪನಿಗೆ ತನ್ನ ಮನೆಯ ಕೋಣೆಯಲ್ಲೇ ಏದುಸಿರು ಬಿಡುತ್ತಿದ್ದ ಮಗನನ್ನು ಗುಣಪಡಿಸಲು ಆಗಲಿಲ್ಲ.

ಹೆಸರಿಟ್ಟ ಮೇಲೂ ಒಂದು ತೊಡಕು ಉಳಿದಿತ್ತು. ಮಿಲ್ಲಿನವನ ಕೆಮ್ಮನ್ನು ಬೀಡಿ ಸೇದುವವನ ಕೆಮ್ಮಿನಿಂದ, ಆಸ್ತಮಾದವನ ಉಬ್ಬಸದಿಂದ ಬೇರೆ ಮಾಡುವುದು ಹೇಗೆ? ಎಕ್ಸ್‌ರೇಯಲ್ಲಿ ಬಿಸ್ಸಿನೋಸಿಸ್‌ಗೆ ತನ್ನದೇ ಆದ ಗುರುತು ಇಲ್ಲ. ಗಣಿಯವರ ಸಿಲಿಕೋಸಿಸ್‌ನಲ್ಲಿ ಕಾಣುವಂತೆ ಚುಕ್ಕೆಗಳು ಕಾಣುವುದಿಲ್ಲ. 1950ರ ದಶಕದಲ್ಲಿ ಲ್ಯಾಂಕಾಷೈರಿನ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಈ ತೊಡಕನ್ನು ಬಿಡಿಸಿದ್ದು ಒಂದು ಪ್ರಶ್ನೆಯಿಂದ: ಎದೆ ಬಿಗಿಯುವುದು ಯಾವ ವಾರ? ಉತ್ತರದ ಮೇಲೆ ಅವರು ಹಂತಗಳನ್ನು ಮಾಡಿದರು. ಕೆಲವು ಸೋಮವಾರ ಮಾತ್ರ ಬಿಗಿದರೆ ಆರಂಭದ ಅರ್ಧ ಹಂತ. ಪ್ರತಿ ಸೋಮವಾರವೂ ಬಿಗಿದರೆ ಮೊದಲ ಹಂತ. ಸೋಮವಾರದ ಜೊತೆಗೆ ವಾರದ ಉಳಿದ ದಿನಗಳಲ್ಲೂ ಬಿಗಿದರೆ ಎರಡನೆಯದು. ಅದರ ಮೇಲೆ ಉಸಿರಿನ ಶಕ್ತಿಯೇ ಶಾಶ್ವತವಾಗಿ ಕುಗ್ಗಿದರೆ ಮೂರನೆಯದು.

ಸೋಮವಾರವೇ ಏಕೆ? ಹತ್ತಿಯ ಧೂಳಿನಲ್ಲಿ ಎಳೆ ಮಾತ್ರ ಇರುವುದಿಲ್ಲ. ಕಾಯಿಯ ಸುತ್ತಲಿನ ಒಣ ಎಲೆಯ ಚೂರು, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾದ ಹೊರಪದರದ ಎಂಡೋಟಾಕ್ಸಿನ್ ಎಂಬ ವಿಷ ಎಲ್ಲ ಸೇರಿರುತ್ತವೆ. ಆ ವಿಷ ಶ್ವಾಸನಾಳವನ್ನು ಕೆರಳಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಪ್ರತಿದಿನ ಅದನ್ನೇ ಉಸಿರಾಡುತ್ತಿದ್ದರೆ ಮೈ ತಕ್ಕಮಟ್ಟಿಗೆ ಒಗ್ಗಿಕೊಳ್ಳುತ್ತದೆ. ಒಂದು ದಿನ ರಜೆ ಸಿಕ್ಕರೆ ಆ ಒಗ್ಗುವಿಕೆ ಹೋಗುತ್ತದೆ, ಮರುದಿನ ಮೊದಲಿನಿಂದ ಶುರು. ಕೆಲಸದ ಜಾಗದಿಂದ ಬರುವ ಸಾಮಾನ್ಯ ಅಲರ್ಜಿಯ ಆಸ್ತಮಾ ಇದಕ್ಕೆ ತಿರುಗುಮುರುಗು. ಅದು ವಾರ ಕಳೆದಂತೆ ಹೆಚ್ಚಾಗಿ ರಜೆಯಲ್ಲಿ ಇಳಿಯುವುದೇ ಹೆಚ್ಚು. ಹಾಗಾಗಿ ಅಜ್ಜಿಯ ‘ಬುಧವಾರ ಅನ್ನಾದ್ರಾಗೆ ಹಗೂರಾಗಾದು’ ಎಂಬ ಮಾತು ಬರಿಯ ನೆನಪಲ್ಲ. ಒಂದು ಕಾಯಿಲೆಯನ್ನು ಇನ್ನೊಂದರಿಂದ ಬೇರೆ ಮಾಡುವ ಲಕ್ಷಣವನ್ನೇ ಅವಳು ಗುರುತಿಸಿದ್ದಳು.

ಹೆಸರು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ಬ್ರಿಟನ್ನಿನಲ್ಲಿ ಬಿಸ್ಸಿನೋಸಿಸ್ ಪರಿಹಾರಕ್ಕೆಂದೇ 1940ರಲ್ಲಿ ಕಾಯ್ದೆ ಬಂತು. ಮೊದಮೊದಲು ಅದರ ಷರತ್ತುಗಳು ಕಠಿಣವಾಗಿದ್ದವು. ಇಪ್ಪತ್ತು ವರ್ಷ ಆ ಧೂಳಿನಲ್ಲಿ ದುಡಿದು ಪೂರ್ತಿ ಕೈಲಾಗದಂತೆ ಆಗಿರಬೇಕಿತ್ತು. ನಮ್ಮಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಹತ್ತಿ, ಅಗಸೆ, ಸೆಣಬು, ಕತ್ತಾಳೆ ಧೂಳಿನ ಶ್ವಾಸರೋಗವಿತ್ತು. ಕಾರ್ಖಾನೆಗಳ ಕಾಯ್ದೆಯ ಅನುಸೂಚಿಯಲ್ಲೂ ಬಿಸ್ಸಿನೋಸಿಸ್ ಇತ್ತು. ಇಂಥ ರೋಗ ಕಂಡ ವೈದ್ಯ ಅದನ್ನು ಕಾರ್ಖಾನೆ ಇಲಾಖೆಗೆ ಲಿಖಿತವಾಗಿ ತಿಳಿಸಬೇಕೆಂದು ಆ ಕಾಯ್ದೆ ಹೇಳುತ್ತಿತ್ತು. ಅಹಮದಾಬಾದಿನಲ್ಲಿ 1966ರಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಆಯಿತು. ಅದರ ದಕ್ಷಿಣದ ಕೇಂದ್ರ 1977ರಲ್ಲಿ ಬೆಂಗಳೂರಿಗೆ ಬಂತು. ಮುಂಬೈ, ಅಹಮದಾಬಾದಿನ ಗಿರಣಿ ಕಾರ್ಮಿಕರ ಎದೆಯನ್ನು ಸಂಶೋಧಕರು ಪರೀಕ್ಷಿಸಿ ವರದಿ ಬರೆದರು. ಅಂದರೆ ಕಾನೂನಿತ್ತು, ಸಂಸ್ಥೆಯಿತ್ತು, ಪ್ರಶ್ನೆಯೂ ಇತ್ತು. ಅಜ್ಜನ ಚೀಟಿಯವರೆಗೆ ಮಾತ್ರ ಅದು ಬರಲಿಲ್ಲ. ‘ಬ್ರಾಂಕೈಟಿಸ್’ ಎಂದು ಬರೆದರೆ ಅದು ಒಬ್ಬನ ಸ್ವಂತ ಕಾಯಿಲೆ. ‘ಬಿಸ್ಸಿನೋಸಿಸ್’ ಎಂದು ಬರೆದರೆ ಅದರಲ್ಲಿ ಗಿರಣಿಯ ಪಾಲೂ ಇರುತ್ತದೆ.

ಮಿಲ್ ಕಾರ್ಮಿಕರ ಸಂಘಟನೆ ದಾವಣಗೆರೆಯಲ್ಲಿ ದುರ್ಬಲವಾಗಿರಲಿಲ್ಲ. ಕಾರ್ಮಿಕರ ನಾಯಕ ಪಂಪಾಪತಿಯವರು ಸಿಪಿಐನಿಂದ ಗೆದ್ದು ವಿಧಾನಸಭೆಗೆ ಹೋದ ಊರಿದು. ಅಜ್ಜನೂ ಕೆಂಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆದವರೇ. ಅಜ್ಜಿಗೆ ಬೋನಸ್ಸಿನ ಗಲಾಟೆ ನೆನಪಿದೆ, ತುಟ್ಟಿಭತ್ಯೆಯ ಮಾತು ನೆನಪಿದೆ. ಧೂಳಿನ ಬಗ್ಗೆ ಯಾರಾದರೂ ಮಾತಾಡಿದ್ದು ಮನೆಗೆ ಬಂದು ಅಜ್ಜ ಹೇಳಿದ್ದು ನೆನಪಿಲ್ಲ. “ಹತ್ತಿ ಕೆಲಸ ಅಂದ ಮ್ಯಾಲೆ ಧೂಳು ಇರಾದೇ ಅಲ್ಲೇನು” ಎನ್ನುತ್ತಾಳೆ.

ಹೆಸರಿಲ್ಲದ ಕೆಮ್ಮಿಗೆ ಊರು ತಾನೇ ಒಂದು ಹೆಸರು ಕೊಟ್ಟಿತು: ಟಿಬಿ. ಕಫ ಪರೀಕ್ಷೆಯ ಚೀಟಿಯನ್ನು ಅಜ್ಜಿ ಇಷ್ಟು ವರ್ಷ ಜೋಪಾನ ಮಾಡಿದ್ದು ಏಕೆಂದು ಆಮೇಲೆ ಗೊತ್ತಾಯಿತು. ನನ್ನ ದೊಡ್ಡ ಸೋದರತ್ತೆಯ ನಿಶ್ಚಯವಾಗಿದ್ದ ಮದುವೆ, ‘ಅಪ್ಪನಿಗೆ ಕ್ಷಯ’ ಎಂಬ ಮಾತು ಹರಡಿ ಮುರಿದುಬಿದ್ದಿತ್ತು. ಮುಂದಿನ ಸಂಬಂಧ ನೋಡಲು ಬಂದವರ ಮುಂದೆ ಅಜ್ಜಿ ಕಾಫಿ ತಟ್ಟೆಯ ಜೊತೆ ಆ ಚೀಟಿಯನ್ನೂ ಇಟ್ಟಿದ್ದಳಂತೆ. ಓದು ಬಾರದ ಹೆಂಗಸು ಒಂದು ಕಾಗದದ ಬೆಲೆಯನ್ನು ನನ್ನ ಯಾವ ಪ್ರೊಫೆಸರಿಗಿಂತಲೂ ಚೆನ್ನಾಗಿ ಅರಿತಿದ್ದಳು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಅಜ್ಜ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದರು. ಬೀಡಿಯೊಂದೇ ಅವರ ಎದೆಯನ್ನು ಕೆಡಿಸಲು ಸಾಕಿತ್ತು. ಹತ್ತಿಯ ಧೂಳಿಗೆ ಬೀಡಿ ಸೇರಿದರೆ ಇನ್ನೂ ಕೆಟ್ಟದು. ಸತ್ತವರಿಗೆ ಮೂವತ್ತು ವರ್ಷದ ಮೇಲೆ ರೋಗ ನಿರ್ಣಯ ಮಾಡುವ ಅಧಿಕಾರ ಇತಿಹಾಸದ ವಿದ್ಯಾರ್ಥಿನಿಗೆ ಇಲ್ಲ. ಚೀಟಿ ಬರೆದ ವೈದ್ಯರ ಮುಂದೆ ಬೆಳಗಿನಿಂದ ಎಷ್ಟು ಜನ ಸಾಲುಗಟ್ಟಿದ್ದರೋ. ಅಜ್ಜನಿಗೆ ಇದ್ದದ್ದು ಬಿಸ್ಸಿನೋಸಿಸ್ಸೇ ಎಂದು ನಾನು ಸಾಧಿಸಲಾರೆ. ಯಾರೂ ಕೇಳಲಿಲ್ಲ ಎಂಬುದನ್ನು ಮಾತ್ರ ಈ ಕಾಗದಗಳಿಂದ ತೋರಿಸಬಲ್ಲೆ.

ಆಸ್ಪತ್ರೆಯ ಔಷಧದ ಜೊತೆಗೆ ಮನೆಯ ಮದ್ದೂ ನಡೆದಿತ್ತು. ಬೇಲಿಯ ಆಡುಸೋಗೆ ಸೊಪ್ಪನ್ನು ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ಕೊಡುತ್ತಿದ್ದಳು ಅಜ್ಜಿ. ದಮ್ಮು ತೀರಾ ಏರಿದಾಗ ಯಾರೋ ಹೇಳಿದರೆಂದು ಒಣಗಿದ ದತ್ತೂರಿ ಎಲೆಯ ಹೊಗೆಯನ್ನೂ ಹಿಡಿದದ್ದುಂಟು. ಇದನ್ನು ಕೇಳಿ ನಗುವ ಮೊದಲು ಇವುಗಳ ಇತಿಹಾಸ ನೋಡಬೇಕು. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರಾಂಶದ ಮಾದರಿಯಲ್ಲೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ಬಂತು. ಇಂದು ಮೆಡಿಕಲ್ ಶಾಪಿನ ಎಷ್ಟೋ ಕೆಮ್ಮಿನ ಸಿರಪ್ಪುಗಳ ಲೇಬಲ್ಲಿನಲ್ಲಿ ಆ ಹೆಸರಿದೆ. ದತ್ತೂರಿಯ ಕಥೆ ಇನ್ನೂ ದೂರ ಹೋಗುತ್ತದೆ. ಮದರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಉಬ್ಬಸಕ್ಕೆ ದತ್ತೂರಿಯ ಹೊಗೆಯನ್ನು ಹೇಳುತ್ತಿದ್ದ. ಅಲ್ಲಿಂದ 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಅದನ್ನು ಬ್ರಿಟನ್ನಿಗೆ ಒಯ್ದ. ಕೆಲವೇ ವರ್ಷಗಳಲ್ಲಿ ಯುರೋಪು ಅದೇ ಜಾತಿಯ ಗಿಡದ ಎಲೆ ಸೇದತೊಡಗಿತು. ಮುಂದೆ ‘ಆಸ್ತಮಾ ಸಿಗರೇಟು’ಗಳೇ ಅಂಗಡಿಗೆ ಬಂದವು. ಮಾರ್ಸೆಲ್ ಪ್ರೂಸ್ತ್ ಸೇದಿದ್ದೂ ಅಂಥವನ್ನೇ.

ಆ ಎಲೆಯಲ್ಲಿದ್ದದ್ದು ಅಟ್ರೋಪಿನ್ ಬಳಗದ ರಾಸಾಯನಿಕಗಳು. ಶ್ವಾಸನಾಳದ ಸ್ನಾಯುವನ್ನು ಬಿಗಿ ಮಾಡುವ ನರದ ಸಂದೇಶವನ್ನು ಅವು ತಡೆಯುತ್ತವೆ. ಆದರೆ ಔಷಧಕ್ಕೂ ವಿಷಕ್ಕೂ ಅಲ್ಲಿ ಕೂದಲೆಳೆಯ ಅಂತರ. ಬುದ್ಧಿ ಭ್ರಮಣೆಯಾಗುವುದು, ಪ್ರಾಣ ಹೋಗುವುದು ಎರಡೂ ಸಾಧ್ಯ. ಅಜ್ಜಿಯ ಪ್ರಯೋಗವನ್ನು ಯಾರೂ ಮಾಡಬಾರದು. ಅದೇ ಬಳಗದಿಂದ ವಿಷವನ್ನು ಕಳೆದು, ಎದೆಯಲ್ಲಷ್ಟೇ ಕೆಲಸ ಮಾಡುವಂತೆ ತಿದ್ದಿದ ಔಷಧಗಳೇ ಇಪ್ರಾಟ್ರೋಪಿಯಂ, ಅದರ ನಂತರದ ಟಿಯೋಟ್ರೋಪಿಯಂ. ಎರಡು ಬಗೆಯ ಇನ್‌ಹೇಲರ್ ಔಷಧ ತೆಗೆದುಕೊಂಡರೂ ಹತೋಟಿಗೆ ಬಾರದ ಆಸ್ತಮಾ ಇದ್ದ 912 ರೋಗಿಗಳ ಮೇಲೆ ಟಿಯೋಟ್ರೋಪಿಯಂ ಪರೀಕ್ಷೆ ನಡೆದು, ಅದು ನೆರವಾಗುತ್ತದೆಂದು 2012ರಲ್ಲಿ ವರದಿಯಾಯಿತು. ಮದರಾಸಿನ ಹೊಗೆಯಿಂದ ಆ ಪರೀಕ್ಷೆಗೆ ಇನ್ನೂರಹತ್ತು ವರ್ಷ. ಇಷ್ಟು ಕಾಲ ಹಿಡಿದದ್ದು ಎಲೆಯ ಗುಣ ತಿಳಿಯಲಿಕ್ಕಲ್ಲ. ಎಷ್ಟು, ಹೇಗೆ, ಯಾರಿಗೆ ಎಂದು ತಿಳಿಯಲಿಕ್ಕೆ.

ಈ ‘ಯಾರಿಗೆ’ ಎಂಬುದು ತೀವ್ರ ಆಸ್ತಮಾದ ಸಂಶೋಧನೆಯಲ್ಲಿ ಒಂದು ತಿರುವನ್ನೇ ತಂದಿತು. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ತಗ್ಗಿಸುವ ಮೆಪೋಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಬಗೆಬಗೆಯ ಆಸ್ತಮಾ ರೋಗಿಗಳಿಗೆ ಕೊಟ್ಟು ನೋಡಿದಾಗ ಹೆಚ್ಚಿನ ಉಪಯೋಗ ಕಾಣಲಿಲ್ಲ. 2007ರಲ್ಲಿ ಬಂದ 362 ರೋಗಿಗಳ ಅಧ್ಯಯನವೂ ಅದನ್ನೇ ಹೇಳಿತು. ಔಷಧವನ್ನು ಮೂಲೆಗೆ ಹಾಕಬಹುದಿತ್ತು. ಆದರೆ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ಎರಡು ತಂಡಗಳು, ಆ ಕಣಗಳು ನಿಜಕ್ಕೂ ಹೆಚ್ಚಾಗಿ ಇರುವವರನ್ನು ಮಾತ್ರ ಆರಿಸಿಕೊಂಡವು. ಒಂದರಲ್ಲಿ 61 ಜನ, ಇನ್ನೊಂದರಲ್ಲಿ 20. ಉಬ್ಬಸ ಕೆರಳುವುದು ಎರಡರಲ್ಲೂ ಎದ್ದು ಕಾಣುವಷ್ಟು ಕಡಿಮೆಯಾಯಿತು. 2009ರಲ್ಲಿ ಒಂದೇ ದಿನ ಎರಡೂ ಪ್ರಕಟವಾದವು. ಔಷಧ ಅದೇ ಆಗಿತ್ತು, ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ನಮ್ಮ ನಾಡಿನಲ್ಲೂ ಸರಿಯಾಗಿ ಕೇಳಿದವರಿದ್ದರು. ನಮ್ಮೂರ ನಾಲೆಯ ಏರಿಯ ಮೇಲೆ, ಮಿಲ್ಲುಗಳ ಪಾಳು ಕಾಂಪೌಂಡಿನಲ್ಲಿ ಬಿಳಿ ಹೂವಿನ ಕಾಂಗ್ರೆಸ್ ಗಿಡ ಹಬ್ಬಿದೆ. ಅಮೆರಿಕ ಖಂಡದಿಂದ ಬಂದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಬೇಗನೆ ಕರ್ನಾಟಕವನ್ನು ಹೊಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಅವರ ಜೊತೆಗಾರರು 1970ರ ದಶಕದಿಂದ ಅದನ್ನು ಅಧ್ಯಯನ ಮಾಡಿದರು. ಗಿಡ ಮುಟ್ಟಿದವರ ಚರ್ಮ ಕೆರೆತಕ್ಕೆ ಕಾರಣ ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ; ಅದು ನಿಧಾನವಾಗಿ ಏಳುವ ಅಲರ್ಜಿ. ಅದರ ಪರಾಗ ಮೂಗಿಗೆ ಹೋದಾಗ ಬರುವ ಸೀನು, ನೆಗಡಿ ಬೇರೆಯೇ ಬಗೆ. ಅದು ಕೂಡಲೇ ಏಳುವ ಅಲರ್ಜಿ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಅಲರ್ಜಿ ನೆಗಡಿಯವರಲ್ಲಿ ಶೇ. 34, ಆಸ್ತಮಾದವರಲ್ಲಿ ಶೇ. 12 ಮಂದಿ ಈ ಪರಾಗಕ್ಕೆ ಪ್ರತಿಕ್ರಿಯೆ ತೋರಿದರು ಎಂದು ಅವರು ವರದಿ ಮಾಡಿದರು. ಬೆಂಗಳೂರಿನಲ್ಲೇ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಲೆಕ್ಕವಿಟ್ಟರು. 1979ರಲ್ಲಿ ಶೇ. 9 ಇದ್ದ ಆಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಮುಂದೆ ದೇಶದ ಹಲವು ನಗರ ಮತ್ತು ಹಳ್ಳಿಗಳಲ್ಲಿ 1,69,575 ಜನರನ್ನು ಒಂದೇ ಪ್ರಶ್ನಾವಳಿಯಿಂದ ಕೇಳಿದ ಸಮೀಕ್ಷೆಯಲ್ಲಿ ಮೈಸೂರೂ ಇತ್ತು. 2012ರಲ್ಲಿ ಪ್ರಕಟವಾದ ಅದರ ಪ್ರಕಾರ ಹದಿನೈದು ದಾಟಿದವರಲ್ಲಿ ಆಸ್ತಮಾ ಶೇ. 2.05. ಬೀಡಿ ಸಿಗರೇಟು, ಮನೆಯೊಳಗಿನ ಹೊಗೆ, ಸೌದೆ ಸಗಣಿಯ ಒಲೆ ಇವೆಲ್ಲ ಅದರ ಜೊತೆ ತಳಕು ಹಾಕಿಕೊಂಡಿದ್ದವು.

ಮೂರನೆಯ ಪ್ರಶ್ನೆಯೊಂದನ್ನು ನಾನು ಕಲಿತದ್ದು ಅಮ್ಮನಿಂದ. ಅಮ್ಮನಿಗೆ ನಲವತ್ತರ ಮೇಲೆ ಉಬ್ಬಸ ಶುರುವಾಯಿತು. ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆ ಹೋಯಿತು. ಹಾಲು ಉಕ್ಕಿ ಸೀದರೂ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಮೈಕೈ ನೋವೆಂದು ಅಂಗಡಿಯಿಂದ ತಂದ ಮಾತ್ರೆ ನುಂಗಿದರು. ಒಂದು ಗಂಟೆಯೊಳಗೆ ಮುಖ ಕೆಂಪೇರಿ, ಉಸಿರು ಕಟ್ಟಿ, ಪಕ್ಕದ ಮನೆಯವರ ಕಾರಿನಲ್ಲಿ ದಾವಣಗೆರೆಗೆ ಓಡಿದೆವು. ಅಮ್ಮ ಉಳಿದರು. ಆಮೇಲೆ ಹಿಂದಿನ ಎರಡು ರಾತ್ರಿಗಳನ್ನು ಲೆಕ್ಕ ಹಾಕಿದೆವು. ಆಗಲೂ ದಮ್ಮು ಏರಿ ಗ್ಲೂಕೋಸ್ ಹಾಕಿಸಿಕೊಂಡು ಬಂದಿದ್ದರು. ಆಗಲೂ ನೋವಿನ ಮಾತ್ರೆ ನುಂಗಿದ್ದರು. ‘ದಮ್ಮು ಬರುವ ಮೊದಲು ಯಾವ ಮಾತ್ರೆ ತಗೊಂಡಿದ್ರಿ’ ಎಂದು ಮೂರನೇ ಸಲ ನೋಡಿದ ವೈದ್ಯರು ಮೊದಲ ಬಾರಿಗೆ ಕೇಳಿದ್ದರು.

ಉಬ್ಬಸ, ಮೂಗಿನ ದುರ್ಮಾಂಸ, ಆಸ್ಪಿರಿನ್ ಒಗ್ಗದಿರುವುದು ಈ ಮೂರೂ ಒಟ್ಟಿಗೆ ಬರುವುದನ್ನು ಪ್ಯಾರಿಸ್ಸಿನ ಫೆರ್ನಾಂದ್ ವಿದಾಲ್ ಮತ್ತು ಸಂಗಡಿಗರು 1922ರಲ್ಲೇ ಬರೆದಿದ್ದರು. ಅದು ಬಹುಮಟ್ಟಿಗೆ ಮರೆತುಹೋಗಿ, 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ಮತ್ತೆ ಬರೆದಾಗ ಅವರ ಹೆಸರಿನಿಂದ ಪ್ರಸಿದ್ಧವಾಯಿತು. ಏಕೆ ಹೀಗಾಗುತ್ತದೆ ಎಂಬುದರ ಸುಳಿವು ಸಿಕ್ಕಿದ್ದು 1970ರ ದಶಕದಲ್ಲಿ. ಆಸ್ಪಿರಿನ್ ಮೈಯಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಪೋಲೆಂಡಿನ ಕ್ರಾಕೋವ್‌ನ ಆಂಡ್ರೆಜ್ ಶ್ಚೆಕ್ಲಿಕ್ 1975ರಲ್ಲಿ ಈ ಎಳೆಯನ್ನು ಹಿಡಿದರು. ಇವರು ಒಳ್ಳೆಯ ಪ್ರಬಂಧಕಾರರೂ ಹೌದು. ಆ ಕಿಣ್ವವನ್ನು ತಡೆಯುವ ಬೇರೆ ನೋವುನಿವಾರಕಗಳೂ ಇಂಥ ರೋಗಿಗಳ ಉಸಿರು ಕಟ್ಟಿಸುತ್ತವೆ, ತಡೆಯದವು ಕಟ್ಟಿಸುವುದಿಲ್ಲ ಎಂದು ತೋರಿಸಿದರು. ಹಾಗಾಗಿ ಇದು ಪೆನ್ಸಿಲಿನ್ ಅಲರ್ಜಿಯಂಥದ್ದಲ್ಲ. ಆಸ್ಪಿರಿನ್ ಆಗದವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಆಗದು. ಆಸ್ತಮಾ ಇರುವ ವಯಸ್ಕರಲ್ಲಿ ಸುಮಾರು ಶೇ. 7, ತೀವ್ರ ಆಸ್ತಮಾದವರಲ್ಲಿ ಸುಮಾರು ಶೇ. 15 ಜನರಿಗೆ ಈ ತೊಂದರೆ ಇದೆಯೆಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2015ರ ವರದಿ ಹೇಳುತ್ತದೆ. ಔಷಧ ಒಗ್ಗದ ಪ್ರಕರಣಗಳನ್ನು ದಾಖಲಿಸಲು ನಮ್ಮ ದೇಶದಲ್ಲಿ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ರೋಗಿಗಳೇ ತುಂಬಿ ಕಳಿಸುವ ಅರ್ಜಿ ಕನ್ನಡದಲ್ಲೂ ಸಿಗುತ್ತದೆ. ಅಮ್ಮನ ಅರ್ಜಿಯನ್ನು ನಾನೇ ತುಂಬಿದೆ. ಈಗ ಅವರ ಪರ್ಸಿನಲ್ಲಿ, ಬಸ್ ಚೀಟಿಗಳ ನಡುವೆ, ತಗೊಳ್ಳಬಾರದ ಮಾತ್ರೆಗಳ ಹೆಸರು ಬರೆದ ಒಂದು ಕಾರ್ಡು ಇದೆ.

ದಾವಣಗೆರೆಯ ಹಳೆಯ ಮಿಲ್ಲುಗಳು ಈಗ ಇಲ್ಲ. ಆದರೆ ಧೂಳು, ಹೊಗೆ ಜಾಗ ಬದಲಿಸಿವೆ. ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ನಸುಕಿಗೇ ಹೊಟ್ಟಿನ ಹೊಗೆ ಏಳುತ್ತದೆ, ಕೆಲವು ಸಲ ಸುಟ್ಟ ರಬ್ಬರಿನ ವಾಸನೆಯೂ. ಊರಿಗೆಲ್ಲ ಮಂಡಕ್ಕಿ ಮಿರ್ಚಿ ತಿನ್ನಿಸುವ ಆ ಜನರ ಎದೆಯ ಲೆಕ್ಕ ಇಡಬೇಕಿದೆ. ಕಳೆದ ವರ್ಷದಿಂದ ನಾನು ನಿವೃತ್ತ ಮಿಲ್ ಕಾರ್ಮಿಕರ ಮನೆಗಳಿಗೆ ಹೋಗಿ ಅವರ ಮಾತುಗಳನ್ನು ಬರೆದುಕೊಳ್ಳುತ್ತಿದ್ದೇನೆ. ನನ್ನ ಪ್ರಬಂಧ ಇರುವುದು ಗಿರಣಿ ಕಾರ್ಮಿಕರ ಬದುಕಿನ ಬಗ್ಗೆ, ಕೂಲಿ ಮತ್ತು ಮುಷ್ಕರದ ಬಗ್ಗೆ. ಆದರೆ ಈಗ ನನ್ನ ಪ್ರಶ್ನೆಗಳ ಹಾಳೆಯಲ್ಲಿ, ಯಾವ ಖಾತೆಯಲ್ಲಿದ್ದಿರಿ ಎಂಬುದರ ಕೆಳಗೆ, ಎದೆ ಬಿಗಿಯುತ್ತಿತ್ತೇ, ಬಿಗಿದರೆ ಯಾವ ವಾರ ಎಂದೂ ಸೇರಿಸಿದ್ದೇನೆ.

ಮೊನ್ನೆ ಒಬ್ಬ ಹಿರಿಯರು ಈ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾರ್ಡಿಂಗ್‌ನಲ್ಲಿ ಹತ್ತೊಂಬತ್ತು ವರ್ಷ ಇದ್ದವರು. ಒಳಗೆ ತಿರುಗಿ ಹೆಂಡತಿಯನ್ನು ಕರೆದರು. “ಏ, ಬಾರೇ ಇಲ್ಲಿ. ಸೋಮಾರದ್ದು ಕೇಳ್ತಾ ಅದಾಳೆ ನೋಡು ಈ ಹುಡುಗಿ.” ನಾನು ಸೋಮವಾರ ಎಂದು ಇನ್ನೂ ಹೇಳಿರಲಿಲ್ಲ.